ವಸಡಿನಡಿಯ ಮೂಳೆ ಕರಗುವುದು ಹೇಗೆ

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ನಮ್ಮ ಬಸವನಗುಡಿಯ ಎಷ್ಟೋ ಹಿರಿಯರಲ್ಲಿ ಇಂದಿಗೂ ಗಟ್ಟಿಯಾಗಿದೆ. ಹಲ್ಲುಗಳ ನಡುವೆ ತುಂಬಿಕೊಂಡಿದ್ದ ಗಾರೆಯನ್ನು (ಕಲ್ಲಿನಂತೆ ಗಟ್ಟಿಯಾದ ಕೊಳೆ) ತೆಗೆದಾಗ ಹಾಗೆ ಅನ್ನಿಸುವುದು ಸಹಜ. ಆದರೆ ಹಲ್ಲನ್ನು ಹಿಡಿದಿದ್ದ ಮೂಳೆ ಅದಕ್ಕೆ ಎಷ್ಟೋ ಮೊದಲೇ ಕರಗಿರುತ್ತದೆ, ಮತ್ತು ಅದನ್ನು ಬಹುಮಟ್ಟಿಗೆ ಕರಗಿಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ.

ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಪದರ ಕಟ್ಟಿಕೊಂಡಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಪದರ ಹಾಗೆಯೇ ಉಳಿದರೆ ಉರಿಯೂತವೂ ಉಳಿಯುತ್ತದೆ; ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬಂದ ಕಣಗಳು ಬಿಡುವ ಕಿಣ್ವಗಳು ವಸಡಿನ ಕೊಲಾಜೆನ್ ನಾರುಗಳನ್ನೂ ಕಡಿಯುತ್ತವೆ, ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಹೊರಡಿಸುವ ಸಂಕೇತಗಳು ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಎಬ್ಬಿಸುತ್ತವೆ. ಹಾಗೆಂದು ಈ ರಕ್ಷಣೆಯೇ ಬೇಡವೆನ್ನುವಂತಿಲ್ಲ: ನ್ಯೂಟ್ರೋಫಿಲ್‌ಗಳು ಸರಿಯಾಗಿ ಕೆಲಸ ಮಾಡದ ಅಪರೂಪದ ಆನುವಂಶಿಕ ಕಾಯಿಲೆಗಳಲ್ಲಿ ಮಕ್ಕಳ ಹಲ್ಲುಗಳೇ ಅಕಾಲದಲ್ಲಿ ಉದುರುತ್ತವೆ.

ದಂತ ಸಂಶೋಧಕ ಹೆರಾಲ್ಡ್ ಲೋ ಮತ್ತು ಸಂಗಡಿಗರು ಶ್ರೀಲಂಕಾದ ಚಹಾ ತೋಟಗಳಲ್ಲಿ, ಹಲ್ಲುಜ್ಜುವ ರೂಢಿಯೇ ಇಲ್ಲದ ಕಾರ್ಮಿಕರನ್ನು 1970ರಿಂದ 15 ವರ್ಷ ಗಮನಿಸಿದರು. ಎಲ್ಲರ ಹಲ್ಲಿನ ಮೇಲೂ ಪದರ ದಟ್ಟವಾಗಿತ್ತು. ಆದರೂ ಸುಮಾರು ಶೇ. 8ರಷ್ಟು ಜನರಲ್ಲಿ ಮೂಳೆ ಕರಗಿಸುವ ಈ ವಸಡಿನ ರೋಗ ವೇಗವಾಗಿ ಬೆಳೆಯಿತು, ಸುಮಾರು ಶೇ. 11ರಷ್ಟು ಜನರಲ್ಲಿ ಅದು ವಸಡಿನ ಉರಿಯೂತವನ್ನು ದಾಟಿ ಮುಂದುವರಿಯಲೇ ಇಲ್ಲ. ಕೊಳೆ ಎಷ್ಟಿದೆ ಎಂಬುದಷ್ಟೇ ಅಲ್ಲ, ಅದಕ್ಕೆ ದೇಹ ಹೇಗೆ ಉತ್ತರಿಸುತ್ತದೆ ಎಂಬುದೂ ಮುಖ್ಯವೆಂದು ನನಗೆ ಮನವರಿಕೆಯಾದದ್ದು ಈ ಅಧ್ಯಯನದಿಂದ.

ಬೀಡಿ, ಸಿಗರೇಟು ಈ ಉತ್ತರವನ್ನು ಕೆಡಿಸುವುದಲ್ಲದೆ, ರಕ್ತಸ್ರಾವವನ್ನು ತಗ್ಗಿಸಿ ರೋಗವನ್ನು ಮರೆಮಾಡುತ್ತವೆ. ಸಕ್ಕರೆ ಕಾಯಿಲೆಯ ವಿಷಯವನ್ನು ಮಾತ್ರ ತುಸು ಒತ್ತಿ ಹೇಳಬೇಕು. ನನ್ನ ದೊಡ್ಡಮ್ಮ ಸಕ್ಕರೆಯ ಪರೀಕ್ಷೆಯನ್ನು ಒಮ್ಮೆಯೂ ತಪ್ಪಿಸುವವರಲ್ಲ. ಆದರೆ ಉಜ್ಜುವಾಗ ರಕ್ತ ಬಂದರೆ "ಉಷ್ಣ ಆಗಿದೆ" ಎಂದು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟಿದ್ದರು. ನೋವಿಲ್ಲದ ಕಾರಣ ದಂತವೈದ್ಯರ ನೆನಪೂ ಬಂದಿರಲಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ವಸಡಿನ ಉರಿಯೂತ ಉಲ್ಬಣಿಸುತ್ತದೆ. ಆ ಉರಿಯೂತ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ಸಕ್ಕರೆಯ ಹತೋಟಿಯನ್ನು ಮತ್ತಷ್ಟು ಕಷ್ಟವಾಗಿಸುತ್ತದೆ. ವಸಡಿನಡಿಯ ಗಾರೆಯನ್ನು ತೆಗೆಸಿಕೊಂಡ ಮಧುಮೇಹಿಗಳಲ್ಲಿ 3-4 ತಿಂಗಳ ಹೊತ್ತಿಗೆ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಪ್ರಮಾಣ ಸ್ವಲ್ಪ ಇಳಿಯುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.