ಕಪ್ಪು ಹೊಗೆ ಬಂತು ಅಂತ ಪಂಪಿಗೆ ಕೈ ಹಾಕಬೇಡಿ

ಕಬ್ಬಿನ ಸೀಸನ್ ಶುರುವಾದ ಮೇಲೆ ಮುಧೋಳ, ಜಮಖಂಡಿ ಕಡೆ ರಸ್ತೆಯಲ್ಲಿ ಹೊಗೆ ಉಗುಳದ ಹಳೇ ಟ್ರ್ಯಾಕ್ಟರ್ ಹುಡುಕಬೇಕು. ಎರಡು ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗಂತೂ ಹಿಂದೆ ಬರುವವನಿಗೆ ದಾರಿ ಕಾಣಲ್ಲ. ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಪಂಪ್ ಹೋಗೇದ". ಎಂಜಿನ್‌ಗೆ ಡೀಸೆಲ್ ತಳ್ಳುವ ಪಂಪಿನ ಮಾತು ಅದು. ಎಷ್ಟೋ ಸಲ ಆ ಪಂಪ್ ಚೆನ್ನಾಗಿಯೇ ಇರುತ್ತದೆ.

ಕಪ್ಪು ಹೊಗೆ ಅಂದರೆ ಪೂರ್ತಿ ಸುಡದ ಡೀಸೆಲ್‌ನ ಮಸಿ. ಗಾಳಿ ಸಾಲುತ್ತಿಲ್ಲ, ಇಲ್ಲ ಡೀಸೆಲ್ ಜಾಸ್ತಿ ಹೋಗುತ್ತಿದೆ, ಇಲ್ಲ ಅದು ಸರಿಯಾಗಿ ಸಿಡಿಯುತ್ತಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ, ಅದರ ಕಥೆಯೇ ಬೇರೆ.

ಮೊದಲು ಗಾಳಿ ನೋಡಿ, ಖರ್ಚಿಲ್ಲದ ಕೆಲಸ. ಹಳೇ ಟ್ರ್ಯಾಕ್ಟರ್‌ಗಳಲ್ಲಿ ಏರ್ ಕ್ಲೀನರ್ ಕೆಳಗಿನ ಬಟ್ಟಲಿನಲ್ಲಿ ಆಯಿಲ್ ಇರುತ್ತದಲ್ಲ, ನಮ್ಮ ಎರೆ ಮಣ್ಣಿನ ಧೂಳಿಗೆ ಅದು ಬೇಗ ಕೆಸರಾಗುತ್ತದೆ. ಬಟ್ಟಲು, ಜಾಳಿಗೆ ಎರಡನ್ನೂ ತೊಳೆದು ಹೊಸ ಆಯಿಲ್ ಹಾಕಿ. ಗುರುತಿನವರೆಗೆ ಸಾಕು, ಜಾಸ್ತಿ ಆದರೆ ಎಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇದ್ದರೆ ರಬ್ಬರ್ ಹೋಸು, ಕ್ಲಾಂಪು ನೋಡಿ. ಗಾಳಿ ಸೋರುವ ಜಾಗದಲ್ಲಿ ಎಣ್ಣೆ-ಧೂಳು ಮೆತ್ತಿಕೊಂಡಿರುತ್ತದೆ.

ಆಮೇಲೆ ನಾಝಲ್, ಅಂದರೆ ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಮೂತಿ. ನಮ್ಮ ಕಾಕಾ ಅವರ ಮೂರು ಸಿಲಿಂಡರ್ ಗಾಡಿಯಲ್ಲಿ ಸಿಕ್ಕಿದ್ದು ಇಲ್ಲೇ. "ಪಂಪ್ ಇಳಿಸಿ ಕೊಡೋಣೇನು?" ಅಂತ ಅವರು ಕೇಳುತ್ತಲೇ ಇದ್ದರು, "ತಡೀರಿ ಕಾಕಾ" ಅಂದೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ನಾಝಲ್‌ಗೆ ಹೋಗುವ ಪೈಪಿನ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲ ಮಾಡಬೇಕು. ಸಡಿಲ ಮಾಡಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಶಬ್ದದಲ್ಲಿ ಏನೂ ವ್ಯತ್ಯಾಸ ಆಗದೆ ಹೊಗೆ ಮಾತ್ರ ಕಡಿಮೆಯಾದರೆ ಅನುಮಾನ ಆ ನಾಝಲ್ ಮೇಲೆಯೇ. ಅಲ್ಲಿ ಬೆರಳು ಇಡಬೇಡಿ, ಆ ಪ್ರೆಶರ್‌ಗೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಎಲ್ಲ ನಾಝಲ್‌ಗೂ ಒಂದೇ ಪೈಪಿನಿಂದ ಭಾರಿ ಪ್ರೆಶರ್‌ನಲ್ಲಿ ಡೀಸೆಲ್ ಹೋಗುವ ಹೊಸ ಕಾಮನ್ ರೈಲ್ ಗಾಡಿಗಳಲ್ಲಂತೂ ಈ ಪರೀಕ್ಷೆ ಮಾಡಲೇಬೇಡಿ.

ಅನುಮಾನದ ನಾಝಲ್ ಬಿಚ್ಚಿಕೊಂಡು ಹೋಗಿ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಮಂಜಿನ ಹಾಗೆ ಸಿಡಿಯಬೇಕು. ಕಾಕಾ ಅವರದ್ದು ನಲ್ಲಿ ಸೋರಿದಂತೆ ತೊಟ್ಟಿಕ್ಕುತ್ತಿತ್ತು. ಮತ್ತೆ ಕೂರಿಸುವಾಗ ತಾಮ್ರದ ವಾಷರ್ ಹೊಸದು ಹಾಕಿ.

ಇಷ್ಟಾದ ಮೇಲೂ ಹೊಗೆ ಇದ್ದರೆ ಟ್ಯಾಪೆಟ್ (ವಾಲ್ವ್‌ನ ಗ್ಯಾಪು), ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿಯ ಒತ್ತಡ) ನೋಡಿಸಿ. ಪಂಪ್ ಕೊನೆಗೆ. ಅದರ ಸ್ಕ್ರೂ ಯಾರೂ ತಿರುಗಿಸದಿರಲಿ ಅಂತ ಹಾಕಿದ ಸೀಲ್ ಒಡೆದಿದ್ದರೆ ಮಾತ್ರ ನನಗೆ ಮೊದಲೇ ಅನುಮಾನ ಬರುತ್ತದೆ. ಲೋಡ್ ಎಳೆಯಲಿ ಅಂತ ಯಾರೋ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟಿರುತ್ತಾರೆ. ಎಳೆತ ಸ್ವಲ್ಪ ಹೆಚ್ಚುತ್ತದೆ ನಿಜ, ಆದರೆ ಬಿಸಿ ಏರಿ ಪಿಸ್ಟನ್ನೇ ಹೋಗಬಹುದು. ಇದನ್ನು ಕಿವಿಯಲ್ಲಿ ಕೇಳಿ ಸರಿ ಮಾಡೋಕೆ ಆಗಲ್ಲ, ಪಂಪ್ ಎಷ್ಟು ಡೀಸೆಲ್ ಬಿಡುತ್ತದೆ ಅಂತ ಅಳೆದು ಸರಿ ಮಾಡುವ ಕ್ಯಾಲಿಬ್ರೇಷನ್ ಬೆಂಚಿಗೇ ಹಾಕಬೇಕು.

ಹಳೇ ಎಂಜಿನ್ ಆಕ್ಸಿಲರೇಟರ್ ಒತ್ತಿದ ಕ್ಷಣ ಒಂದು ಸಲ ಕಪ್ಪಗೆ ಉಗುಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ಸರಿಯಿದ್ದೂ ಏರಿನಲ್ಲಿ ಮಾತ್ರ ಹೊಗೆ ಬಿಡುತ್ತಾ ಏದುಸಿರು ಬಿಟ್ಟರೆ, ಗೇರ್ ಒಂದು ಇಳಿಸಿ ನೋಡಿ.