ಅಪ್ಪನ ಜೀಪು ಮತ್ತೆ ಚಾರ್ಜ್ ಆಗುತ್ತಿದೆ

14 ಜುಲೈ 2024, ಭಾನುವಾರ, ಮೂಡಿಗೆರೆ

ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಅಪ್ಪನ 1988ರ ಡೀಸೆಲ್ ಜೀಪಿಗೆ ಬೇರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೂರಿಸಿದೆ. ಮೊನ್ನೆ ರಾತ್ರಿ ಸಂತೆ ಮುಗಿಸಿ ಬರುವಾಗ ಹೆಡ್‌ಲೈಟ್ ಮಂಕಾಗಿ, ವೈಪರ್ ಅರ್ಧದಲ್ಲೇ ನಿಂತುಬಿಟ್ಟಿತ್ತಂತೆ. ಡೀಸೆಲ್ ಎಂಜಿನ್ ಆದ್ದರಿಂದ ಕರೆಂಟ್ ಇಲ್ಲದೆಯೂ ಓಡುತ್ತದೆ, ಅಪ್ಪ ಹೇಗೋ ಮನೆ ಸೇರಿದರು. ಆ ಮಂಜು, ಆ ತಿರುವುಗಳು. ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಹಳೇದರ ಬೇರಿಂಗ್ ಹೋಗಿತ್ತು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡೂ ಸುಟ್ಟಿತ್ತು. ಅದರ ರೆಗ್ಯುಲೇಟರ್, ಅಂದರೆ ವೋಲ್ಟೇಜ್ ಮಿತಿಯಲ್ಲಿಡುವ ಭಾಗ, ಹೊರಗೆ ಬೇರೆ ಡಬ್ಬಿಯಲ್ಲಿತ್ತು. ಚಿಕ್ಕಮಗಳೂರಿನಿಂದ ತಂದ 65 ಆಂಪ್‌ನದ್ದಕ್ಕೆ ರೆಗ್ಯುಲೇಟರ್ ಒಳಗೇ ಇದೆ. ಹಾಗಾಗಿ ಆ ಹಳೇ ಡಬ್ಬಿಯನ್ನು ಸರ್ಕಿಟ್ಟಿನಿಂದ ಪೂರ್ತಿ ತೆಗೆಯಬೇಕು. ಎರಡೂ ಇದ್ದರೆ ಒಂದಕ್ಕೊಂದು ಅಡ್ಡಿ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಆಲ್ಟರ್ನೇಟರಿನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಟರ್ಮಿನಲ್‌ಗೆ ಇದ್ದ ವೈರ್ ತೀರಾ ಸಣ್ಣದು, ಹೊದಿಕೆ ಕಪ್ಪಾಗಿ ಬಿರಿದಿತ್ತು. ಡ್ಯಾಶ್‌ಬೋರ್ಡಿನ ಆಂಪ್ ಮೀಟರ್ 30 ಆಂಪಿನದು, ಅದರ ಮೂಲಕ 65 ಆಂಪ್ ಕಳಿಸಿದರೆ ಸ್ಟೀರಿಂಗ್ ಹಿಂದೆಯೇ ಬೆಂಕಿ. ಅದನ್ನು ಬೈಪಾಸ್ ಮಾಡಿ, 16 ಸ್ಕ್ವೇರ್ ಎಂಎಂ ವೈರನ್ನು 80 ಆಂಪ್ ಫ್ಯೂಸ್ ಹಾಕಿ ನೇರವಾಗಿ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ ಕೊಟ್ಟೆ. ಅಲ್ಲಿಂದ ಬ್ಯಾಟರಿಗೆ ದಪ್ಪ ಕೇಬಲ್ ಹೇಗೂ ಇದೆ.

ಎಲ್ಲಾ ಕೂರಿಸಿ ಸ್ಟಾರ್ಟ್ ಮಾಡಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.2 ವೋಲ್ಟ್, ಇರಬೇಕಾದ್ದು 14ರ ಆಸುಪಾಸು. ಚಾರ್ಜೇ ಇಲ್ಲ! ಅಷ್ಟು ದುಡ್ಡು ಕೊಟ್ಟಿದ್ದು ದಂಡವಾಯಿತಾ ಅಂತ ತಲೆ ಮೇಲೆ ಕೈ ಇಟ್ಟು ಕೂತೆ. ಕಾಫಿ ತಂದ ಅಪ್ಪ, "ಆ ಕೆಂಪು ಲೈಟು ಹತ್ತದೇ ಎರಡು ವರ್ಷ ಆಯ್ತಲ್ಲೋ" ಅಂದರು. ಅಲ್ಲೇ ಇತ್ತು ಉತ್ತರ.

ಡ್ಯಾಶ್‌ಬೋರ್ಡಿನ ಆ ಕೆಂಪು ಚಾರ್ಜಿಂಗ್ ಲೈಟ್ ಬರೀ ಸೂಚನೆಗೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆದರೆ ಕೀ ತಿರುಗಿಸಿದಾಗ ಆ ಬಲ್ಬಿನ ಮೂಲಕ ಹರಿದು ಬರುವ ಚೂರು ಕರೆಂಟಿನಿಂದಲೇ ಇಂಥ ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರ್ ಮೊದಲು ಅಯಸ್ಕಾಂತ ಆಗುವುದು, ಆಮೇಲಷ್ಟೇ ಅದು ತಾನೇ ಕರೆಂಟ್ ಹುಟ್ಟಿಸಿಕೊಳ್ಳುತ್ತದೆ. ಬಲ್ಬ್ ಸುಟ್ಟಿದ್ದರೆ ಎಂಜಿನ್ ಐಡ್ಲಿಂಗಿನಲ್ಲಿ ಚಾರ್ಜ್ ಶುರುವೇ ಆಗದಿರಬಹುದು. ಸುಮ್ನೆ ಎಲ್‌ಇಡಿ ಹಾಕಿದರೂ ಇದೇ ಕಥೆ, ಅದರಲ್ಲಿ ಹರಿಯುವ ಕರೆಂಟ್ ಸಾಲದು. ಸಾಮಾನಿನ ಡಬ್ಬಿಯಲ್ಲಿ ಹುಡುಕಿದಾಗ 2.2 ವ್ಯಾಟಿನ ಮಾಮೂಲಿ ಬಲ್ಬ್ ಸಿಕ್ಕಿತು, ಒಂದು ಕಾಲು ಇಗ್ನಿಷನ್ ಸ್ವಿಚ್ಚಿಗೆ, ಇನ್ನೊಂದು ಆಲ್ಟರ್ನೇಟರಿನಲ್ಲಿ ಈ ಲೈಟಿಗೆಂದೇ ಇರುವ ಡಿ ಪ್ಲಸ್ ಟರ್ಮಿನಲ್‌ಗೆ. ಕೀ ತಿರುಗಿಸಿದೆ, ಕೆಂಪು ಲೈಟ್ ಹತ್ತಿತು. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ ಆರಿತು.

ಆದರೂ ಬ್ಯಾಟರಿಯಲ್ಲಿ 13.5 ಮಾತ್ರ. ಆಲ್ಟರ್ನೇಟರಿನ ಮೈಗೂ ಬ್ಯಾಟರಿ ಮೈನಸ್‌ಗೂ ಮೀಟರ್ ಹಿಡಿದರೆ 0.6 ವೋಲ್ಟ್ ಅಲ್ಲೇ ಸೋರಿ ಹೋಗುತ್ತಿತ್ತು. ಎಂಜಿನ್ ಕೂತಿರುವುದು ರಬ್ಬರ್ ಮೇಲೆ, ಹಾಗಾಗಿ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗಲು ಅರ್ತ್ ಪಟ್ಟಿಯೇ ದಾರಿ. ಆ ಪಟ್ಟಿ ಹಿಡಿದ ಜಾಗ ಪೂರ್ತಿ ತುಕ್ಕು. ಮತ್ತೆ ಬ್ಯಾಟರಿ ಬಿಚ್ಚಿ, ಎಮ್ರಿ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಹಾಕಿ ಗ್ರೀಸ್ ಸವರಿದೆ. ಈಗ 14.2, ಹೆಡ್‌ಲೈಟ್ ವೈಪರ್ ಎರಡೂ ಹಾಕಿದರೂ 13.9.

ಒಂದು ಮಾತು ಬಿಡಿಸಿ ಹೇಳಬೇಕು. ಚಾರ್ಜ್ ಆಗುತ್ತಿದೆಯಾ ನೋಡಲು ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕೀಳುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಆಲ್ಟರ್ನೇಟರಿಗೆ ಮುಂಚೆ ಗಾಡಿಗಳಲ್ಲಿದ್ದ ಡೈನಮೋ ಕಾಲದ್ದು ಅದು. ಆಲ್ಟರ್ನೇಟರಿಗೆ ಹಾಗೆ ಮಾಡಲೇಬೇಡಿ, ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡು, ರೆಗ್ಯುಲೇಟರ್ ಎರಡೂ ಹೋಗಬಹುದು. ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು ಅಲ್ವಾ.

ಸಂಜೆ ಅಪ್ಪ ಲೈಟ್ ಹಾಕಿಕೊಂಡು ಗೇಟಿನ ತನಕ ಹೋಗಿ ಬಂದರು, ಎರಡು ಸಲ. ಬೆಲ್ಟ್ ಹೊಸದು, ಓಡಿದ ಮೇಲೆ ಸ್ವಲ್ಪ ಸಡಿಲ ಆಗುತ್ತದೆ. ನಾಳೆ ಬೆಳಗ್ಗೆ ಮತ್ತೆ ಒತ್ತಿ ನೋಡಿ ಬಿಗಿ ಮಾಡಬೇಕು.