207ಕ್ಕೆ ಹೊಂದುವ ಡೀಸೆಲ್ ಟ್ಯಾಂಕ್

ಗಾಡಿ ಎಳೆಯುತ್ತಿಲ್ಲ ಎಂದರೆ ಎಲ್ಲರ ಅನುಮಾನವೂ ಮೊದಲು ಹೋಗುವುದು ಡೀಸೆಲ್ ಪಂಪಿನ ಮೇಲೆ. ನಮ್ಮ ಟಾಟಾ 207 ಡಿಐ ಪಿಕಪ್ ಗಾಡಿ ತೆಂಗಿನಕಾಯಿ ತುಂಬಿಕೊಂಡು ತಿಪಟೂರಿನ ಕಡೆಗೆ ಏರು ಹತ್ತುವಾಗ ಶಕ್ತಿ ಕಳೆದುಕೊಂಡು ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಪಂಪ್ ಬಿಚ್ಚಿಸಲು ಹೊರಟಿದ್ದ ಅಪ್ಪನನ್ನು ಊರಿನ ಮೆಕ್ಯಾನಿಕ್ ತಡೆದರು. ಫಿಲ್ಟರ್ ಬಿಚ್ಚಿ, ಅದರೊಳಗಿದ್ದ ಡೀಸೆಲನ್ನು ಬಿಳಿ ಬಟ್ಟಲಿಗೆ ಸುರಿದು ತೋರಿಸಿದರು. ತಳದಲ್ಲಿ ಕಂದು ಬಣ್ಣದ ಪುಡಿ ಕೂತಿತ್ತು. “ಪಂಪ್ ಚೆನ್ನಾಗಿದೆ ಯಜಮಾನರೇ, ಕೊಳೆತಿರುವುದು ಟ್ಯಾಂಕ್” ಎಂದರು.

ನಿಂತ ಗಾಡಿ ಮತ್ತೆ ಹೊರಡುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಎಂಜಿನ್ ಓಡುವಾಗ ಹೀರುವ ಸೆಳೆತಕ್ಕೆ ತುಕ್ಕಿನ ಚಕ್ಕೆಗಳು ಟ್ಯಾಂಕಿನೊಳಗಿನ ಕೊಳವೆಯ ಜಾಲರಿಗೆ ಬಂದು ಅಂಟಿಕೊಳ್ಳುತ್ತವೆ. ಎಂಜಿನ್ ನಿಂತರೆ ಸೆಳೆತ ಇಲ್ಲ, ಚಕ್ಕೆಗಳು ಕಳಚಿ ತಳಕ್ಕೆ ಇಳಿಯುತ್ತವೆ, ದಾರಿ ತೆರೆಯುತ್ತದೆ. ಸಣ್ಣ ಪುಡಿ ಮಾತ್ರ ಫಿಲ್ಟರಿನವರೆಗೂ ಬರುತ್ತದೆ. ಅದನ್ನೂ ದಾಟಿದರೆ ಪಂಪಿಗೆ ಅಪಾಯ. ಡೀಸೆಲ್ ಪಂಪಿನ ಒಳಭಾಗಗಳು ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಉಜ್ಜಿಕೊಂಡು ಓಡುತ್ತವೆ, ಅವಕ್ಕೆ ಬೇರೆ ಎಣ್ಣೆ ಇಲ್ಲದೆ ಡೀಸೆಲೇ ಜಾರುವಿಕೆ ಕೊಡಬೇಕಾದ ಜಾಗಗಳಿವೆ. ಅಲ್ಲಿ ತುಕ್ಕಿನ ಪುಡಿ ಸೇರಿದರೆ ಆಗುವ ಖರ್ಚಿನ ಮುಂದೆ ಟ್ಯಾಂಕಿನ ಬೆಲೆ ಏನೂ ಅಲ್ಲ.

ಟ್ಯಾಂಕ್ ಇಳಿಸಿದಾಗ ಹೊರಗಿನ ಸ್ಥಿತಿ ಒಳಗಿನದಕ್ಕಿಂತ ಕೆಟ್ಟದಾಗಿತ್ತು. ಟ್ಯಾಂಕನ್ನು ಚಾಸಿಗೆ ಬಿಗಿದಿಡುವ ಪಟ್ಟಿಗಳ ಅಡಿಯಲ್ಲಿ ವರ್ಷಗಟ್ಟಲೆ ತೋಟದ ಕೆಸರು ಸೇರಿಕೊಂಡು, ತೇವ ಆರದೆ, ತಗಡು ಕಾಗದದಷ್ಟು ತೆಳುವಾಗಿತ್ತು. ಒಂದು ಕಡೆ ಡೀಸೆಲ್ ಒಸರುತ್ತಿತ್ತು. ಅಲ್ಲಿಗೆ ಬಟ್ಟೆ ಸೋಪು ಉಜ್ಜಿ, ಮೇಲೆ ಎಂ-ಸೀಲ್ ಮೆತ್ತಿ ಅಪ್ಪ ಕಾಲ ತಳ್ಳುತ್ತಿದ್ದರು. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲು ಸೋಪು ನಿಜಕ್ಕೂ ಒಳ್ಳೆಯ ಉಪಾಯ, ಡೀಸೆಲಿಗೆ ಅದು ಬೇಗ ಕರಗುವುದಿಲ್ಲ. ಆದರೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರದ ತಪಾಸಣೆ, ಹತ್ತಿರ ಬಂದಿತ್ತು. ಸರಕು ಸಾಗಿಸುವ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕು. ಸೋಪು ಮೆತ್ತಿದ ಟ್ಯಾಂಕನ್ನು ತಪಾಸಣೆಗೆ ಒಯ್ಯಲು ನನಗೆ ಮನಸ್ಸಿರಲಿಲ್ಲ.

ವೆಲ್ಡಿಂಗ್ ಅಂಗಡಿಯವರು ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡಿ ವಾಪಸ್ ಕೊಟ್ಟರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಆಗಲೇ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಒಳಗೆ ಅಂಟಿಕೊಂಡ ಡೀಸೆಲ್ ಬೆಂಕಿಯ ಕಾವಿಗೆ ಆವಿಯಾಗಿ ಗಾಳಿಯೊಂದಿಗೆ ಬೆರೆತರೆ ಸಿಡಿಯುತ್ತದೆ. ಬಿಸಿನೀರು, ಸೋಪಿನ ಪುಡಿ ಹಾಕಿ ಮತ್ತೆ ಮತ್ತೆ ತೊಳೆದು, ಬೆಸುಗೆಯ ಜಾಗವೊಂದನ್ನು ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸಿ ಕೆಲಸ ಮಾಡುವವರಿದ್ದಾರೆ. “ಮಾಡಿಕೊಡಬಹುದು ಅಣ್ಣ. ಆದರೆ ಈ ತಗಡು ಬೆಸುಗೆ ಹಿಡಿಯುವುದಿಲ್ಲ, ಇಲ್ಲಿ ಮುಚ್ಚಿದರೆ ಪಕ್ಕದಲ್ಲಿ ತೂತಾಗುತ್ತದೆ” ಎಂದರು. ಕ್ಯಾಬಿನ್ ಹಿಂದೆ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ, ಅದರಿಂದ ಪೈಪು ಎಳೆದು ಗಾಡಿ ಓಡಿಸಿ ಎಂದು ಸಲಹೆ ಕೊಟ್ಟವರೂ ಇದ್ದರು. ಜನ ಕೂರುವ, ಮಕ್ಕಳು ಹತ್ತಿ ಇಳಿಯುವ ಗಾಡಿಯಲ್ಲಿ ಅಂಥ ಕೆಲಸ ಯಾರೂ ಮಾಡಬಾರದು.

ಹೊಸ ಟ್ಯಾಂಕ್ ಕೇಳಲು ತುಮಕೂರಿನ ಒಂದು ಬಿಡಿಭಾಗಗಳ ಅಂಗಡಿಗೆ ಹೋದರೆ ಅವರು ಕೇಳಿದ್ದು ಚಾಸಿ ನಂಬರ್. ಬರೀ 207 ಎಂದರೆ ಸಾಲದು. ಡಿಐ ಇದೆ, ಇಎಕ್ಸ್ ಇದೆ, ಆರ್‌ಎಕ್ಸ್ ಇದೆ. ನಮ್ಮದಕ್ಕೆ ಹೊಂದುವ ಟ್ಯಾಂಕ್ ಅವರಲ್ಲಿರಲಿಲ್ಲ. ದೊಡ್ಡ ಗಾಡಿಯ ಟ್ಯಾಂಕೊಂದನ್ನು ತೋರಿಸಿ, ಅದೇ ಕೂರುತ್ತದೆ, ಡೀಸೆಲೂ ಹೆಚ್ಚು ಹಿಡಿಯುತ್ತದೆ ಎಂದರು. ಹೆಚ್ಚು ಹಿಡಿಯುವುದು ನನಗೆ ಬೇಕಿರಲಿಲ್ಲ. ಟ್ಯಾಂಕ್ ಕೆಳಕ್ಕೆ ಇಳಿಬಿದ್ದರೆ ತೋಟದ ದಾರಿಯ ಕಲ್ಲು ಮೊದಲು ಬಡಿಯುವುದು ಅದಕ್ಕೇ.

ಆ ಮೇಲೆ ಹಳೆಯ ಟ್ಯಾಂಕನ್ನು ನೆಲದ ಮೇಲಿಟ್ಟು ಅಳತೆ ಬರೆದುಕೊಂಡೆ. ಉದ್ದ, ಅಗಲ, ಎತ್ತರ, ಎರಡು ಪಟ್ಟಿಗಳ ನಡುವಿನ ಅಂತರ, ಡೀಸೆಲ್ ತುಂಬುವ ಬಾಯಿ ಯಾವ ಮಗ್ಗುಲಿಗಿದೆ, ಡೀಸೆಲ್ ಮಟ್ಟ ತೋರಿಸುವ ಫ್ಲೋಟ್ ಕೂರುವ ತೂತಿನ ಸುತ್ತಳತೆ, ಅದರ ಸುತ್ತ ಎಷ್ಟು ಸ್ಕ್ರೂ, ಯಾವ ಕೊಳವೆ ಎಷ್ಟು ದಪ್ಪ. ಎಷ್ಟು ಲೀಟರ್ ಎಂಬುದಕ್ಕೆ ಲೆಕ್ಕ ಸುಲಭ: ಉದ್ದ 70, ಅಗಲ 35, ಎತ್ತರ 25 ಸೆಂಟಿಮೀಟರ್ ಇರುವ ಡಬ್ಬವೊಂದನ್ನು ಗುಣಿಸಿದರೆ 61,250 ಘನ ಸೆಂಟಿಮೀಟರ್, ಅಂದರೆ ಸುಮಾರು 61 ಲೀಟರ್. ದುಂಡಗಿನ ಮೂಲೆಗಳಿಗೆ, ಒಳಗಿನ ಅಡ್ಡ ತಗಡುಗಳಿಗೆ ಸ್ವಲ್ಪ ಕಳೆಯಬೇಕು. ಆ ಅಡ್ಡ ತಗಡುಗಳು ತಿರುವಿನಲ್ಲಿ ಡೀಸೆಲ್ ಒಂದೇ ಕಡೆಗೆ ನುಗ್ಗದಂತೆ ತಡೆಯುತ್ತವೆ. ಅವಿಲ್ಲದ ಟ್ಯಾಂಕ್ ಎಷ್ಟೇ ಅಗ್ಗವಾದರೂ ಬೇಡ.

ತೆಂಗಿನಕಾಯಿ ಲೋಡಿನ ಲಾರಿಯೊಂದಿಗೆ ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದೆ. ಹೊಸ ಅಂಗಡಿಗಳಲ್ಲಿ ಇಲ್ಲವೆನಿಸಿಕೊಂಡು, ಅವರೇ ಹೇಳಿದ ಗುಜರಿ ಅಂಗಡಿಯೊಂದಕ್ಕೆ ಬಂದಾಗ ಅಲ್ಲಿನ ವಯಸ್ಸಾದ ಸಾಹೇಬರು ನನ್ನ ಅಳತೆಯ ಹಾಳೆಯನ್ನು ಪೂರ್ತಿ ಓದಿದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: “ಫ್ಲೋಟ್ ತಂದಿದ್ದೀರಾ?”

ತಂದಿದ್ದೆ. ಅವರಿಗೆ ಸಂತೋಷವಾಯಿತು, ಕೂರಲು ಸ್ಟೂಲ್ ಕೊಟ್ಟರು. ಹೊರಗಿನ ಆಕಾರ ಹೊಂದಿದರೂ ಫ್ಲೋಟ್ ಹೊಂದದಿದ್ದರೆ ಆ ಟ್ಯಾಂಕ್ ನಿಮ್ಮದಲ್ಲ ಎಂಬುದು ಅವರ ಮಾತು. ಫ್ಲೋಟಿನ ಕೈ ಮೇಲೆ ಕೆಳಗೆ ಆಡಿದಂತೆ ವಿದ್ಯುತ್ತಿನ ತಡೆ ಬದಲಾಗುತ್ತದೆ, ಆ ಬದಲಾವಣೆಯನ್ನೇ ಡ್ಯಾಶ್‌ಬೋರ್ಡಿನ ಮುಳ್ಳು ಓದುತ್ತದೆ. ಬೇರೆ ಗಾಡಿಯ ಫ್ಲೋಟ್ ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ. ನಮ್ಮದೇ ಫ್ಲೋಟನ್ನು ಎತ್ತರ ಕಡಿಮೆ ಇರುವ ಟ್ಯಾಂಕಿಗೆ ಇಳಿಸಿದರೆ ಕೈ ತಳಕ್ಕೆ ಮೊದಲೇ ತಾಗಿ, ಟ್ಯಾಂಕ್ ಬರಿದಾದರೂ ಮುಳ್ಳು ಕೊನೆಯವರೆಗೆ ಇಳಿಯುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಡೀಸೆಲ್ ಖಾಲಿಯಾಗಿ ಲೈನಿಗೆ ಗಾಳಿ ಹಿಡಿದರೆ ತುಂಬಿಸಿದ ಮಾತ್ರಕ್ಕೆ ಹೊರಡುವುದಿಲ್ಲ. ದಾರಿಯಲ್ಲೇ ಏರ್ ಬಿಡಿಸುತ್ತಾ ಕೂರಬೇಕು.

ಅವರು ತೋರಿಸಿದ ಮೊದಲ ಟ್ಯಾಂಕಿಗೆ ನಮ್ಮ ಫ್ಲೋಟ್ ಸರಿಯಾಗಿ ಇಳಿಯಿತು. ನನ್ನ ಕಣ್ಣಿಗೆ ಎಲ್ಲವೂ ಸರಿಯಿತ್ತು. ಸಾಹೇಬರೇ ಅದನ್ನು ಬದಿಗಿಟ್ಟರು, ಅದಕ್ಕೆ ರಿಟರ್ನ್ ಕೊಳವೆ ಇರಲಿಲ್ಲ. ಡೀಸೆಲ್ ಎಂಜಿನ್ ಎಳೆದುಕೊಂಡಷ್ಟನ್ನೂ ಸುಡುವುದಿಲ್ಲ. ಪಂಪಿನಿಂದ, ಇಂಜೆಕ್ಟರುಗಳಿಂದ ಉಳಿದದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಮಾರಾಟ ಆಗಲಿ ಎಂದು ಸುಮ್ಮನೆ ಕಟ್ಟಿಕೊಡಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಒಳಗಿನ ರಾಶಿಯಿಂದ ಇನ್ನೊಂದನ್ನು ತೆಗೆಸಿ, ಟಾರ್ಚ್ ಹಿಡಿದು ಒಳಗೋಡೆ ತೋರಿಸಿದರು. ತುಕ್ಕಿನ ಕಲೆಯಿಲ್ಲದ ಬೂದು ತಗಡು. ಉಸಿರಾಟದ ಕೊಳವೆಯನ್ನು ಬಾಯಿಂದ ಊದಿ ತೆರೆದಿದೆಯೆಂದು ಖಾತ್ರಿಪಡಿಸಿದರು. ಅದು ಮುಚ್ಚಿಕೊಂಡರೆ ಡೀಸೆಲ್ ಇಳಿದಷ್ಟೂ ಗಾಳಿ ಬರದೆ ಒಳಗೆ ಸೆಳೆತ ಹುಟ್ಟಿ ಎಂಜಿನ್ ನಿಲ್ಲುತ್ತದೆ. ಮತ್ತೆ ಎಲ್ಲರೂ ಪಂಪನ್ನು ಬೈಯುತ್ತಾರೆ. ಬೆಲೆಯ ವಿಷಯದಲ್ಲಿ ನಾನು ಹೆಚ್ಚು ಚೌಕಾಸಿ ಮಾಡಲಿಲ್ಲ. ಅವರು ಅಷ್ಟು ಹೊತ್ತು ಕೊಟ್ಟ ತಿಳುವಳಿಕೆಗೂ ಬೆಲೆಯಿದೆ.

ಊರಿನಲ್ಲಿ ಮೆಕ್ಯಾನಿಕ್ ಅದಕ್ಕೆ ನೀರು ತುಂಬಿ ಒಂದು ರಾತ್ರಿ ಇಟ್ಟರು, ಕೆಳಗೆ ಹಾಸಿದ ಹಳೆಯ ಪೇಪರ್ ಒದ್ದೆಯಾಗಲಿಲ್ಲ. ಬಿಸಿಲಿಗೆ ಒಣಗಿಸಿ, ಸ್ವಲ್ಪ ಡೀಸೆಲ್ ಹಾಕಿ ಅಲ್ಲಾಡಿಸಿ ಚೆಲ್ಲಿದರು. ನೀರು ಡೀಸೆಲಿಗಿಂತ ಭಾರ, ಒಂದಿಷ್ಟು ಉಳಿದರೂ ತಳದಲ್ಲೇ ಕೂತು ಹೊಸ ತುಕ್ಕಿಗೆ ಕಾರಣವಾಗುತ್ತದೆ. ಪಟ್ಟಿಗಳ ಅಡಿಗೆ ಈ ಬಾರಿ ರಬ್ಬರ್ ಹಾಳೆ ಬಂತು, ಹೊಸ ಫಿಲ್ಟರ್ ಬಂತು. ಹ್ಯಾಂಡ್ ಪಂಪ್ ಒತ್ತಿ ಗಾಳಿ ಬಿಡಿಸಿದ ಮೇಲೆ ಎಂಜಿನ್ ಹಿಡಿಯಿತು. ಐದೈದು ಲೀಟರ್ ಹಾಕುತ್ತಾ ಮುಳ್ಳು ಎಲ್ಲಿಗೆ ಬರುತ್ತದೆಂದು ಅಪ್ಪ ಕ್ಯಾಬಿನ್ನಿನಿಂದ ಕೂಗಿ ಹೇಳಿದರು, ನಾನು ಬರೆದುಕೊಂಡೆ.

ಎಫ್‌ಸಿ ಆಯಿತು. ಸುದ್ದಿ ತಿಳಿದು ಪಕ್ಕದ ಊರಿನ ಇನ್ನೊಬ್ಬ 207 ಮಾಲೀಕರು ನನ್ನ ಅಳತೆಯ ಹಾಳೆ ಕೇಳಿಕೊಂಡು ಬಂದರು. ಅವರ ಗಾಡಿಯ ಅಡಿಗೆ ಮಲಗಿ ನೋಡಿದರೆ ತುಂಬುವ ಬಾಯಿಯೂ ಕೊಳವೆಗಳೂ ನಮ್ಮದಕ್ಕಿಂತ ಬೇರೆ ಜಾಗದಲ್ಲಿದ್ದವು. ಇಬ್ಬರೂ ಸೇರಿ ಟ್ಯಾಂಕ್ ಇಳಿಸಿ, ಹೊಸ ಹಾಳೆಯೊಂದರಲ್ಲಿ ಮೊದಲಿನಿಂದ ಅಳತೆ ಬರೆಯಲು ಶುರುಮಾಡಿದೆವು.